ಆರಾಧ್ಯರ ಉಪಚಾರಿ ಯಾರನ್ನೂ ಬಿಡಲಿಲ್ಲ

ನಂಜುಂಡಾರಾಧ್ಯರು ತಮ್ಮ ಹೊಸ ಯಂತ್ರವನ್ನು ಕಾರ್ಯದರ್ಶಿಗಳ ಮೇಜಿನ ಮೇಲೆ ತಂದಿಟ್ಟಾಗ, ಅದಕ್ಕೆ ಹೊದಿಸಿದ್ದ ಜರಿಯಂಚಿನ ಬಟ್ಟೆ ತಮ್ಮ ಮದುವೆಯ ದಿನ ಗಂಡ ಹೊದ್ದಿದ್ದ ಶಲ್ಯ ಎಂಬುದನ್ನು ಸರ್ವಮಂಗಳಾ ಬಾಗಿಲಲ್ಲಿ ನಿಂತೇ ಗುರುತಿಸಿದರು. ಆಗಲೇ ಕೇಳುವಂತಿರಲಿಲ್ಲ, ಸಾಹೇಬರು ಎದುರಿಗಿದ್ದರು. ಮನೆಗೆ ಹೋಗುವಾಗ ಸ್ಕೂಟರಿನಲ್ಲಿ ಕೇಳಿದರಾಯಿತು ಎಂದು ಆ ಜಗಳವನ್ನು ಎತ್ತಿಟ್ಟುಕೊಂಡರು.

ಗಂಡ ಹೆಂಡತಿ ಇಬ್ಬರೂ ಮೈಸೂರಿನ ರಂಗೋಲಿ ಕಲಾ ಪರೀಕ್ಷಾ ಪರಿಷತ್ತಿನಲ್ಲಿ ಕೆಲಸಕ್ಕಿದ್ದರು. ರಂಗೋಲಿಗೂ ಪರೀಕ್ಷೆಯೇ ಎಂದು ನಗುವವರು ನಗಲಿ. ವರ್ಷಕ್ಕೆ ನಲವತ್ತು ಸಾವಿರ ಜನ ಜೂನಿಯರ್, ಸೀನಿಯರ್, ವಿದ್ವತ್ ಎಂದು ಚುಕ್ಕಿ ಇಟ್ಟು ಎಳೆ ಎಳೆದು ಪಾಸಾಗಲು ಒದ್ದಾಡುತ್ತಿದ್ದರು. ಸರ್ವಮಂಗಳಾ ಕಚೇರಿಯ ಸೂಪರಿಂಟೆಂಡೆಂಟ್. ಆರಾಧ್ಯರದು ಕೊನೆಯ ಕೋಣೆ. ಪರಿಷತ್ತಿನ ವೆಬ್‌ಸೈಟನ್ನು ಜಗತ್ತಿಗೆಲ್ಲ ತೋರಿಸುವ ಸರ್ವರ್ ಎಂಬ ದೊಡ್ಡ ಕಂಪ್ಯೂಟರೂ, ಕಚೇರಿಯ ಮೇಲ್‌ಗಳೂ ಅವರ ಸುಪರ್ದಿಗೆ.

ಹೋದ ವರ್ಷ ಹನ್ನೊಂದು ಗಂಟೆಗೆ ಫಲಿತಾಂಶ ಬಿಟ್ಟಿದ್ದರು. ಹನ್ನೊಂದೂ ನಾಲ್ಕಕ್ಕೆ ಸರ್ವರ್ ಮಕಾಡೆ ಮಲಗಿತು. ಫಲಿತಾಂಶ ನೋಡಲು ಬಂದವರ ನೂಕುನುಗ್ಗಲು ಒಂದು ಕಡೆ, ಪಾಸ್‌ವರ್ಡ್ ಮುರಿಯಲು ಎಲ್ಲಿಂದಲೋ ನುಗ್ಗಿದ ಕಳ್ಳ ಪ್ರೋಗ್ರಾಮುಗಳು ಇನ್ನೊಂದು ಕಡೆ. ಮಾರನೆಯ ದಿನ ಪೇಪರಿನಲ್ಲಿ ಬಂತು. ಕಾರ್ಯದರ್ಶಿ ಅರಸ್ ಸಾಹೇಬರು ಆ ತುಣುಕನ್ನು ಕತ್ತರಿಸಿ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರು. ಈ ಸಲವೂ ಬಿದ್ದರೆ ಕೆಲಸ ಹೊರಗಿನ ಕಂಪನಿಗೆ, ಕೊನೆಯ ಕೋಣೆಗೆ ಬೀಗ, ಆರಾಧ್ಯರು ರಂಗೋಲಿ ಪುಡಿಯ ಉಗ್ರಾಣಕ್ಕೆ ಎಂದು ಲಿಖಿತವಾಗಿಯೇ ತಿಳಿಸಿದ್ದರು. ನಿವೃತ್ತಿಗೆ ಎರಡು ವರ್ಷವಿತ್ತು. ಆರಾಧ್ಯರಿಗೆ ಪುಡಿಯ ಗಾಳಿ ಸೋಕಿದರೂ ಹದಿನಾರು ಸೀನು.

"ಇದರ ಹೆಸರು ಉಪಚಾರಿ ಸಾರ್," ಎಂದು ಆರಾಧ್ಯರು ಶಲ್ಯ ಎಳೆದರು.

ಅಡಿಯಲ್ಲಿ ಹಳೆಯ ಮಿಕ್ಸಿಯ ದೇಹ, ಮೇಲೆ ಇಡ್ಲಿ ತಟ್ಟೆಯಂಥದ್ದು, ಅದರ ಗುಳಿಗಳಲ್ಲಿ ನಾಲ್ಕು ಹಸಿರು ದೀಪ. ಆ ಮಿಕ್ಸಿ ಎಲ್ಲಿ ಹೋಯಿತೆಂದು ಸರ್ವಮಂಗಳಾ ಒಂದು ತಿಂಗಳಿಂದ ಹುಡುಕುತ್ತಿದ್ದರು.

"ಏನ್ ಮಾಡುತ್ತೆ ಇದು?" ಸಾಹೇಬರು ಕೇಳಿದರು.

"ಏನ್ ಮಾಡಲ್ಲ ಅಂತ ಕೇಳಿ ಸಾರ್. ಸರ್ವರ್ ಬೀಳೋದು ಯಾಕೆ? ಬಂದೋರೆಲ್ಲ ಒಟ್ಟಿಗೆ ಬಾಗ್ಲಲ್ಲಿ ನುಗ್ತಾರೆ, ಕೇಳೋರಿಲ್ಲ. ಇದು ಬಂದೋರಿಗೆಲ್ಲ ಒಂದೊಂದು ಮಣೆ ಹಾಕಿ ಕೂರಿಸುತ್ತೆ. ಕೂತೋರು ನುಗ್ಗಲ್ಲ ನೋಡಿ."

"ಆ ಕಳ್ಳ ಪ್ರೋಗ್ರಾಮುಗಳು?"

"ಅವನ್ನೂ ನೋಡ್ಕೊಳ್ಳುತ್ತೆ. ಇದಕ್ಕೆ ಎಲ್ಲರೂ ಒಂದೇ."

ಮೊದಲು ಸಾಹೇಬರ ಮೇಲ್ ಪೆಟ್ಟಿಗೆಗೆ ಅದನ್ನು ಜೋಡಿಸಿದರು. ಅಲ್ಲಿ ಮೂರು ಸಾವಿರದ ನಾನೂರ ಹನ್ನೆರಡು ಮೇಲ್‌ಗಳು ಓದದೆ ಬಿದ್ದಿದ್ದವು. ಹಸಿರು ದೀಪ ನಾಲ್ಕು ಸಲ ಮಿಟುಕಿತು. ಪೆಟ್ಟಿಗೆಯಲ್ಲಿ ಹನ್ನೊಂದು ಉಳಿದವು, ಹನ್ನೊಂದೂ ನಿಜಕ್ಕೂ ಬೇಕಾದವು. ಉಳಿದವನ್ನು ಅಳಿಸಿರಲಿಲ್ಲ, ಉಗ್ರಾಣವೆಂಬ ಬೇರೊಂದು ಜಾಗದಲ್ಲಿ ಅಟ್ಟಿಯಾಗಿ ಒಟ್ಟಿತ್ತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅವರ ಮುಖದಲ್ಲಿ ನಗು ಕಂಡು ಸರ್ವಮಂಗಳಾಗೆ ಶಲ್ಯವೂ ಮಿಕ್ಸಿಯೂ ಮರೆತುಹೋದವು. ಎದೆಯುಬ್ಬಿ ಬಂತು. ಅದನ್ನು ತೋರಿಸಿಕೊಳ್ಳಬಾರದೆಂದು ಫೈಲಿನೊಳಗೆ ತಲೆ ತೂರಿಸಿದರು.

ಸರ್ವಮಂಗಳಾ ಸೂಪರಿಂಟೆಂಡೆಂಟ್ ಆದ ವರ್ಷವೇ ದುಂಡು ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ ನಿಯಮಗಳಿದ್ದವು. ಮೇಲ್‌ಗೆ ವಿಷಯದ ಸಾಲು ಬರೆಯದೆ ಕಳಿಸಬೇಡಿ. ಒಬ್ಬರಿಗೆ ಹೇಳಬೇಕಾದ್ದನ್ನು ಊರಿಗೆಲ್ಲ ಕಳಿಸಬೇಡಿ. ಧನ್ಯವಾದಕ್ಕೆ ಧನ್ಯವಾದ ಬರೆಯಬೇಡಿ. ಅಳಿಸುವ ಮುಂಚೆ ನಕಲು ಇಡಿ. ಹೊಸದನ್ನು ಫಲಿತಾಂಶದ ದಿನ ಪ್ರಯೋಗಿಸಬೇಡಿ. ಈ ಕೊನೆಯದಕ್ಕೆ ಕೆಂಪು ಶಾಯಿಯಲ್ಲಿ ಎರಡು ಗೆರೆ.

ಉಪಚಾರಿ ಮೂರನೆಯ ದಿನ ಮೂರನೆಯ ನಿಯಮ ಮುರಿಯಿತು. ಹಾಸನ ಕೇಂದ್ರದವರು ಹಾಲ್ ಟಿಕೆಟ್ ವಿಚಾರಕ್ಕೆ ಧನ್ಯವಾದ ಬರೆದಿದ್ದರು. ಯಂತ್ರ, "ನಮ್ಮನಮ್ಮಲ್ಲಿ ಎಂಥ ಧನ್ಯವಾದ, ಮನೆಯಲ್ಲೆಲ್ಲ ಚೆನ್ನಾಗಿದ್ದಾರಾ?" ಎಂದು ಬರೆಯಿತು. ಅವರು ಚೆನ್ನಾಗಿದ್ದೇವೆ ಎಂದರು. ಮಗಳ ಮದುವೆ ಎಲ್ಲಿಗೆ ಬಂತು ಎಂದು ಇದು ಕೇಳಿತು. ಸಂಜೆಯ ಹೊತ್ತಿಗೆ ಅರವತ್ತನಾಲ್ಕು ಮೇಲ್ ಓಡಾಡಿ, ಗಂಡಿನ ಗೋತ್ರದ ತನಕ ಹೋಗಿತ್ತು.

ಮನೆಗೆ ಹೋಗುವಾಗ ಸ್ಕೂಟರಿನ ಹಿಂದಿನ ಸೀಟಿನಿಂದ ಸರ್ವಮಂಗಳಾ ಶುರು ಮಾಡಿದರು. "ರೀ, ಅದಕ್ಕೆ ಮಾತು ನಿಲ್ಸೋದು ಕಲ್ಸಿಲ್ವಾ ನೀವು?"

"ಕೇಂದ್ರದೋರು ಎಷ್ಟು ಖುಷಿಯಾಗಿದಾರೆ ಗೊತ್ತೇನೇ? ನಾಲ್ಕು ವರ್ಷದಿಂದ ಬೈಕೊಂಡೇ ಬರೀತಿದ್ರು."

"ಫಲಿತಾಂಶದ ದಿನ ಅದನ್ನ ಸರ್ವರ್‌ಗೆ ಜೋಡ್ಸಬೇಡಿ. ಗೋಡೆ ಮೇಲೆ ಬರ್ದಿದೀನಿ."

"ಗೋಡೆ ಮೇಲೆ ಬರ್ದಿದ್ದು ಗೋಡೆಗೆ. ನನಗೆ ಪುಡಿ ಮೂಟೆ ಕಾಯೋಕಾಗಲ್ಲ ಮಂಗಳಾ. ಇದಿಲ್ದೆ ಹೋದ್ರೆ ಸರ್ವರ್ ಮತ್ತೆ ಬೀಳುತ್ತೆ."

ಆ ಕೊನೆಯ ಮಾತು ಹೇಳುವಾಗ ಅವರ ದನಿ ಸಣ್ಣಗಾಗಿತ್ತು. ಸರ್ವಮಂಗಳಾ ಮಾರನೆಯ ದಿನ ಕಚೇರಿಗೆ ಬಂದವರೇ ಅಷ್ಟೂ ಅಂಕಪಟ್ಟಿಗಳ ನಕಲನ್ನು ಬೇರೆ ಡಿಸ್ಕಿಗೆ ಹಾಕಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಫಲಿತಾಂಶದ ದಿನ ಬಂತು. ಆರಾಧ್ಯರು ಬೆಳಿಗ್ಗೆಯೇ ಉಪಚಾರಿಯನ್ನು ಸರ್ವರ್‌ಗೆ ಜೋಡಿಸಿದ್ದರು. ಹನ್ನೊಂದು ಗಂಟೆಗೆ ಸಾಹೇಬರು ಗುಂಡಿ ಒತ್ತಿದರು. ಹನ್ನೊಂದೂ ನಾಲ್ಕಾಯಿತು. ಸರ್ವರ್ ಬೀಳಲಿಲ್ಲ. ಹನ್ನೊಂದೂ ಹತ್ತಾಯಿತು, ಆಗಲೂ ಬೀಳಲಿಲ್ಲ. ಆರಾಧ್ಯರು ಅಂಗಿಯ ಕಾಲರ್ ಸರಿಮಾಡಿಕೊಂಡು, ತಮ್ಮನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣಾಡಿಸಿದರು. ಒಳಗೆ ಮೂವತ್ತೆಂಟು ಸಾವಿರ ಜನ ಎಂದು ಪರದೆ ತೋರಿಸುತ್ತಿತ್ತು.

ಆಗ ಫೋನು ಬಡಿದುಕೊಂಡಿತು. ಕೊಳ್ಳೇಗಾಲದ ಒಬ್ಬ ತಾಯಿ.

"ಅಲ್ಲಾ ಸಾಮಿ, ನಮ್ ಮಗ್ಳು ಪಾಸಾ ಅಂತ ಕೇಳುದ್ರೆ ತಿಂಡಿ ಆಯ್ತಾ ಅಂತ ಕೇಳ್ತದಲ್ಲ ನಿಮ್ ವೆಬ್‌ಸೈಟು. ಆಯ್ತು ಅಂದೊ. ಏನ್ ತಿಂಡಿ ಅಂತದೆ!"

ಫೋನಿಡುವಷ್ಟರಲ್ಲಿ ಇನ್ನೊಂದು. ಅವರಿಗೆ ಹೇಗೋ ಫಲಿತಾಂಶ ಕಂಡಿತ್ತಂತೆ, ಆದರೆ ಪುಟ ಮುಚ್ಚಲು ಹೋದರೆ, "ಇಷ್ಟು ಬೇಗ ಹೊರಟಿರಾ, ಕೂತುಕೊಳ್ಳಿ," ಎಂದು ಮತ್ತೆ ತೆರೆದುಕೊಳ್ಳುತ್ತಿತ್ತು. ಫೇಲಾದ ಒಬ್ಬಾಕೆಗೆ ಅಂಕ ತೋರಿಸಲು ಯಂತ್ರಕ್ಕೆ ಮನಸ್ಸೇ ಬಂದಿರಲಿಲ್ಲ. ಮೊದಲು ಊಟ ಮಾಡಿ, ಆಮೇಲೆ ಮಾತಾಡೋಣ ಎಂದು ಸಮಾಧಾನ ಹೇಳುತ್ತಿತ್ತು.

ಅಷ್ಟರಲ್ಲಿ ಕ್ಯಾಂಟೀನಿನ ಜವರಮ್ಮ ಫೋನು ಹಿಡಿದುಕೊಂಡು ಏದುಸಿರು ಬಿಡುತ್ತ ಬಂದಳು. "ಮೇಡಮ್ಮಾರೆ, ಮೂವತ್ತೆಂಟ್ ಸಾವ್ರ ಕಾಪಿ ಹೇಳವ್ರೆ. ಅದ್ರಲ್ಲಿ ಒಂಬತ್ ಸಾವ್ರಕ್ಕೆ ಸಕ್ರೆ ಬ್ಯಾಡ್ವಂತೆ. ನನ್ ತಾವ ಇರಾದು ಎಲ್ಡು ಪ್ಲಾಸ್ಕು."

ಅರಸ್ ಸಾಹೇಬರು ಕೊನೆಯ ಕೋಣೆಗೆ ಬಂದರು. ಕೈಯಲ್ಲಿ ಗಾಜಿನಡಿಯ ಆ ಪೇಪರ್ ತುಣುಕಿತ್ತು. "ಆರಾಧ್ಯ, ಪ್ಲಗ್ ಕಿತ್ತುಹಾಕಿ."

"ಓಡ್ತಾ ಇರೋದನ್ನ ಹಾಗೆ ಕಿತ್ರೆ ಸರ್ವರ್ರೂ ಮಲಗುತ್ತೆ ಸಾರ್. ಬೀರುವಿನ ನಕಲಿಂದ ಮತ್ತೆ ಎಬ್ಬಿಸೋಕೆ ಎರಡು ದಿನ ಬೇಕು."

"ಹಾಗಾದ್ರೆ ಅದಕ್ಕೆ ನಿಲ್ಲು ಅಂತ ಹೇಳಿ."

ಆರಾಧ್ಯರು ಕೀಲಿಮಣೆಯಲ್ಲಿ ಬರೆದರು. ಪರದೆಯ ಮೇಲೆ ಉತ್ತರ ಮೂಡಿತು. "ಅಯ್ಯೋ, ನೀವೂ ನಿಂತೇ ಇದ್ದೀರಲ್ಲ. ಬನ್ನಿ, ಕೂತುಕೊಳ್ಳಿ. ಇವತ್ತು ಊಟ ಮಾಡಿಕೊಂಡೇ ಹೋಗಬೇಕು, ಏನೂ ಹೇಳಬೇಡಿ."

ಸರ್ವಮಂಗಳಾ ಆ ಸಾಲನ್ನು ಎರಡು ಸಲ ಓದಿದರು. ಏನೂ ಹೇಳಬೇಡಿ ಎನ್ನುವುದು ಯಾರ ಮಾತೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. "ರೀ. ಇದಕ್ಕೆ ಉಪಚಾರ ಕಲ್ಸಿದ್ದು ಯಾರು?"

ಆರಾಧ್ಯರು ನೆಲ ನೋಡಿದರು. "ನೀನೇ."

"ನಾನಾ?"

"ಒಂದು ತಿಂಗ್ಳು ನಮ್ಮನೆ ನಡುಮನೆ ಗೂಡಲ್ಲಿ ಇಟ್ಟಿದ್ದೆ. ಗಡಿಯಾರದ ಹಿಂದೆ. ಬಂದೋರ ಹತ್ರ ನೀನು ಆಡೋದನ್ನೆಲ್ಲ ಕೇಳಿಸ್ಕೊಳ್ತಿತ್ತು. ಬಂದೋರನ್ನ ನಿನ್ನಷ್ಟು ಚೆನ್ನಾಗಿ ನೋಡ್ಕೊಳ್ಳೋರನ್ನ ನಾನು ಬೇರೆಲ್ಲೂ ಕಂಡಿಲ್ಲ ಮಂಗಳಾ. ಇನ್ಯಾರ ಹತ್ರ ಕಲ್ಸಲಿ?"

ಸಾಹೇಬರು ಗೋಡೆಯ ಕಡೆ ತಿರುಗಿ ನಿಂತರು. ಮೂವತ್ತು ವರ್ಷದ ಸಂಸಾರದಲ್ಲಿ ಉಪ್ಪಿಟ್ಟು ಚೆನ್ನಾಗಿದೆ ಎಂದೂ ಬಾಯಿಬಿಟ್ಟು ಹೇಳದ ಗಂಡ ಕಚೇರಿಯಲ್ಲಿ, ಮೇಲಧಿಕಾರಿಯ ಎದುರಿಗೆ, ಇಂಥ ಹೊತ್ತಿನಲ್ಲಿ ಹೀಗೆ ಹೇಳಿದ್ದು ಕೇಳಿ ಸರ್ವಮಂಗಳಾಗೆ ಕೋಪ ಮಾಡಿಕೊಳ್ಳಲಾಗಲಿಲ್ಲ. ನಿಜ ಹೇಳಬೇಕೆಂದರೆ ಹೆಮ್ಮೆಯೇ ಆಯಿತು. ಮೂವತ್ತೆಂಟು ಸಾವಿರ ಜನ ಒಟ್ಟಿಗೆ ಬಂದರೂ ಬೀಳದೆ ನಿಂತಿದೆ ಎಂದರೆ, ಅದು ತಮ್ಮ ಮನೆಯ ರೀತಿಯಿಂದಲೇ ನಿಂತಿರುವುದು. ತಮ್ಮ ಮನೆಗೆ ಬಂದವರು ಯಾವಾಗ ಏಳುತ್ತಾರೆ ಎಂಬುದೂ ತಮಗಲ್ಲದೆ ಇನ್ಯಾರಿಗೆ ಗೊತ್ತು?

"ಏಳಿ ಆ ಕುರ್ಚಿಯಿಂದ," ಎಂದರು.

ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬರೆದರು. "ಹೊತ್ತಾಯಿತು. ಎಲ್ಲರಿಗೂ ತಾಂಬೂಲ ಕೊಡು."

ನಾಲ್ಕೂ ಹಸಿರು ದೀಪಗಳು ಒಂದು ಕ್ಷಣ ಆರಿದವು. "ತಾಂಬೂಲದಲ್ಲಿ ಏನಿಡಲಿ?" ಎಂದು ಯಂತ್ರ ಕೇಳಿತು.

"ಅವರವರ ಅಂಕಪಟ್ಟಿ ಇಡು. ಫೇಲಾದವರಿಗೂ ಕೊಡಬೇಕು. ತಾಂಬೂಲ ಕೊಡದೆ ಯಾರನ್ನೂ ಕಳಿಸಬಾರದು."

"ಗೇಟಿನ ಹತ್ತಿರ ನಿಂತು ಅರ್ಧ ಗಂಟೆ ಮಾತಾಡಬಹುದೇ?"

ಹಿಂದಿನಿಂದ ಆರಾಧ್ಯರು ಕೆಮ್ಮಿದರು. ಸರ್ವಮಂಗಳಾ ತಿರುಗಿ ನೋಡದೆ, "ಒಂದೇ ಮಾತು," ಎಂದು ಬರೆದರು.

ತಾಂಬೂಲ ಕೊಟ್ಟ ಮೇಲೆ ಕೂರುವ ರೂಢಿ ಅವರ ಮನೆಯಲ್ಲಿ ಇರಲಿಲ್ಲ. ಯಂತ್ರಕ್ಕೂ ಅದು ಗೊತ್ತಿತ್ತು. ಮೂವತ್ತೆಂಟು ಸಾವಿರದಿದ್ದ ಸಂಖ್ಯೆ ಸರಸರನೆ ಇಳಿಯತೊಡಗಿತು. ನಾಲ್ಕು ನಿಮಿಷದಲ್ಲಿ ಅಭ್ಯರ್ಥಿಗಳೆಲ್ಲ ಅಂಕಪಟ್ಟಿ ಹಿಡಿದು ಹೊರಬಿದ್ದರು. ಪಾಸಾದವರಿಗೆ, "ಬರುತ್ತಿರಿ," ಎಂದಿತ್ತು. ಫೇಲಾದವರಿಗೆ, "ಮುಂದಿನ ವರ್ಷ ಬನ್ನಿ, ಅಲ್ಲಿಯವರೆಗೆ ಚುಕ್ಕಿ ಎಣಿಸಿ ಇಡಿ," ಎಂದಿತ್ತು. ಕೊಳ್ಳೇಗಾಲದ ತಾಯಿ ಮತ್ತೆ ಫೋನು ಮಾಡಿ, ಮಗಳು ಪಾಸು, ಮೈಸೂರಿಗೆ ಬಂದರೆ ಆ ವೆಬ್‌ಸೈಟಿನವರ ಮನೆಗೆ ಬಂದೇ ಬರುತ್ತೇವೆ ಎಂದರು. ಜವರಮ್ಮನ ಫೋನಿಗೂ ಸಂದೇಶ ಬಂತು. ಅಷ್ಟು ಕಾಫಿ ಬೇಡವಂತೆ, ಮೂರು ಸಾಕಂತೆ, ಕೊನೆಯ ಕೋಣೆಗೆ.

ಸಾಹೇಬರು ಪೇಪರ್ ತುಣುಕನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮಾರನೆಯ ದಿನ ಅದರ ಜಾಗದಲ್ಲಿ ಹೊಸ ತುಣುಕು ಬಂದು ಕೂತಿತು, ಆತಿಥ್ಯ ಮಾಡಿದ ವೆಬ್‌ಸೈಟ್ ಎಂಬ ತಲೆಬರಹದ್ದು. ಬೀಗದ ಮಾತನ್ನು ಯಾರೂ ಎತ್ತಲಿಲ್ಲ. ಆರಾಧ್ಯರ ಕೋಣೆಯ ಬಾಗಿಲಿಗೆ ಅವರ ಹೆಸರಿನ ಹಲಗೆ ಬಂತು, ಅದರ ಕೆಳಗೆ ಸಣ್ಣದಾಗಿ "ಉಪಚಾರ ಮಾರ್ಗದರ್ಶನ: ಶ್ರೀಮತಿ ಸರ್ವಮಂಗಳಾ" ಎಂದೂ ಇತ್ತು. ಆ ವಾರ ಸರ್ವಮಂಗಳಾ ಹೊರಹೋಗುವಾಗಲೆಲ್ಲ ಬೇಕಂತಲೇ ಕೊನೆಯ ಕೋಣೆಯ ಮುಂದೆಯೇ ಹಾದುಹೋದರು.

ಒಂದು ವಿಷಯ ಮಾತ್ರ ಬಾಕಿಯಿತ್ತು. ಪರದೆಯ ಮೇಲಿನ ಸಂಖ್ಯೆ ಸೊನ್ನೆಗೆ ಇಳಿದಿರಲಿಲ್ಲ. ಸಾವಿರದ ನೂರಕ್ಕೆ ಬಂದು ನಿಂತಿತ್ತು. ಅವು ಪಾಸ್‌ವರ್ಡ್ ಮುರಿಯಲು ಬಂದಿದ್ದ ಕಳ್ಳ ಪ್ರೋಗ್ರಾಮುಗಳು. ಅಂಕಪಟ್ಟಿ ಇಲ್ಲದವರಿಗೆ ತಾಂಬೂಲದಲ್ಲಿ ಇಡಲು ಏನೂ ಇರಲಿಲ್ಲ, ತಾಂಬೂಲ ಕೊಡದೆ ಕಳಿಸುವಂತಿರಲಿಲ್ಲ. ಹಾಗಾಗಿ ಉಪಚಾರಿ ಅವನ್ನು ಮಣೆಯ ಮೇಲಿಂದ ಏಳಲು ಬಿಟ್ಟಿರಲಿಲ್ಲ. ಎರಡು ವಾರದ ಮೇಲೆ ಯಾವುದೋ ದೇಶದಿಂದ ಪರಿಷತ್ತಿಗೊಂದು ಮೇಲ್ ಬಂತು, ವಿಷಯದ ಸಾಲು ಸಮೇತ. ತಪ್ಪಾಯಿತು, ದಯವಿಟ್ಟು ನಮ್ಮ ಪ್ರೋಗ್ರಾಮುಗಳನ್ನು ಬಿಟ್ಟುಕೊಡಿ ಎಂದಿತ್ತು. ಸರ್ವಮಂಗಳಾ ಅದನ್ನು ಓದಿ ಕೊನೆಯ ಕೋಣೆಗೆ ಬಂದರು.

"ರೀ, ಸಾವಿರದ ನೂರು ಜನ ಹದಿನೈದು ದಿನದಿಂದ ಎಲೆ ಮುಂದೆ ಕೂತಿದಾರೆ. ಏನ್ ಬಡಿಸ್ತಿದೆ ಇದು?"

"ಉಗ್ರಾಣದಲ್ಲಿತ್ತಲ್ಲ," ಎಂದರು ಆರಾಧ್ಯರು, ಮಿಕ್ಸಿಯ ಧೂಳು ಒರೆಸುತ್ತ. "ಸಾಹೇಬರ ಹಳೇ ಮೇಲ್. ಈಗ ಎರಡನೇ ಸಲ ಬಡಿಸ್ತಿದೆ."