ಟ್ಯಾಂಕಿಗೆ ಹೆಪ್ಪು

ಕುಂದಲಹಳ್ಳಿಯ ಆ ಅಪಾರ್ಟ್‌ಮೆಂಟಿನವರೆಲ್ಲ ಗೌರಿ ಹಬ್ಬಕ್ಕೆಂದು ಒಂದೇ ಭಾನುವಾರ ಬಚ್ಚಲು ತಿಕ್ಕಿದ್ದೇ ಎಡವಟ್ಟಾಯಿತು. ಮನೆಮನೆಯ ಆಸಿಡ್ಡು, ಫಿನಾಯಿಲು ಪೈಪಿನಲ್ಲಿಳಿದು ನೆಲಮಾಳಿಗೆಯ ಕೊಳಚೆ ನೀರು ಶುದ್ಧಿ ಮಾಡುವ ಟ್ಯಾಂಕು ಸೇರಿದವು. ಅಲ್ಲಿ ಹೊಲಸು ತಿಂದು ನೀರು ತಿಳಿ ಮಾಡುತ್ತಿದ್ದ ಬ್ಯಾಕ್ಟೀರಿಯಾಗಳು, ಪಾಪ, ಬೆಳಗಾಗುವುದರಲ್ಲಿ ಸತ್ತುಹೋದವು.

ಟ್ಯಾಂಕಿನ ಉಸ್ತುವಾರಿ ಶೇಖರಪ್ಪನವರದು. ದಾವಣಗೆರೆಯ ಬ್ಯಾಂಕಿನಲ್ಲಿದ್ದು ನಿವೃತ್ತರಾಗಿ ಬಂದವರು. ಮೀಟಿಂಗಿನಲ್ಲಿ ಉಳಿದವರೆಲ್ಲ ಮೊಬೈಲು ನೋಡುತ್ತಿದ್ದಾಗ ತಲೆ ಎತ್ತಿದ ತಪ್ಪಿಗೆ ಆ ಕೆಲಸ ಇವರ ಕೊರಳಿಗೆ ಬಿದ್ದಿತ್ತು. ಬಿದ್ದ ಮೇಲೆ ಪ್ರೀತಿಯೂ ಹುಟ್ಟಿತು. ದಿನಾ ಬೆಳಿಗ್ಗೆ ಇಳಿದು ಹೋಗಿ ಬ್ಯಾಕ್ಟೀರಿಯಾಗಳ ಯೋಗಕ್ಷೇಮ ವಿಚಾರಿಸುವರು. ಮನೆಯಲ್ಲಿ ಮಾತ್ರ ಆ ಮಾತೆತ್ತುವ ಹಾಗಿರಲಿಲ್ಲ. ತಟ್ಟೆ ಮುಂದೆ ಕೂತು ಶುರುಮಾಡಿದರೆ ಹೆಂಡತಿ ರುದ್ರಮ್ಮ, "ಊಟದ ಹೊತ್ತಲ್ಲಿ ಅದೊಂದು ಬೇಡ ರೀ" ಎಂದುಬಿಡುವರು.

ಸೋಮವಾರ ಬೆಳಿಗ್ಗೆ ಹಳೇ ಊರಿನ ಅನುಸೂಯಮ್ಮ ಗೇಟಿಗೆ ಬಂದರು. ಚಿಕ್ಕವರಿದ್ದಾಗ ಅಲ್ಲಿಯ ಕೆರೆಯಲ್ಲಿ ಈಜಿದವರು.

"ಸಾಮಿ, ನಿಮ್ ನೀರು ಕರ್ರಗೆ, ನಾತ ಒಡ್ಕೊಂಡು ಕೆರೆಗೋಯ್ತಾ ಐತೆ. ಗಲೀಜು ಬಿಡಲ್ಲ ಅಂತ ನನಗೆ ಮಾತು ಕೊಟ್ಟಿದ್ರಿ."

ಆ ನೀರು ಕೆರೆಯಿಂದ ಕೆರೆಗೆ ಹರಿದು ಕೊನೆಗೆ ದಕ್ಷಿಣ ಪಿನಾಕಿನಿ ಸೇರುವಂಥದ್ದು. ಶೇಖರಪ್ಪನವರಿಗೆ ನಾಚಿಕೆಯಾಯಿತು. ಸಾಲದ್ದಕ್ಕೆ ಗುರುವಾರ ನೀರಿನ ಸ್ಯಾಂಪಲ್ ತೆಗೆಯಲು ಅಧಿಕಾರಿ ಬರುವವರಿದ್ದರು.

ಉಳಿದಿದ್ದು ಒಂದೇ ದಾರಿ. ಮೊಸರಿಗೆ ಪಕ್ಕದ ಮನೆಯಿಂದ ಹೆಪ್ಪು ಇಸಕೊಳ್ಳುವ ಹಾಗೆ, ಚೆನ್ನಾಗಿರುವ ಬೇರೊಂದು ಟ್ಯಾಂಕಿನ ಬಗ್ಗಡ ತಂದು ಸುರಿಯಬೇಕು. ಅದರಲ್ಲಿರುವ ಜೀವಗಳು ಇಲ್ಲಿ ಬೆಳೆಯುತ್ತವೆ.

ಅದಕ್ಕೆ ಮೊದಲು ಅವರು ಮನೆಮನೆಗೆ ಹೋಗಿ ಆಸಿಡ್ಡು, ಫಿನಾಯಿಲಿನ ಬಾಟಲಿಗಳನ್ನೆಲ್ಲ ಇಸಕೊಂಡರು. ಮೇಲಿನ ಮನೆಯ ಸ್ಫೂರ್ತಿ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿ, "ಅಂಕಲ್, ಬ್ಯಾಕ್ಟೀರಿಯಾ ಸಾಯ್ಲಿ ಅಂತಾನೇ ತಾನೆ ನಾವು ಇದನ್ನ ತಗೊಳ್ಳೋದು?" ಎಂದಳು.

"ನಿಮ್ಮನೇದು ಸಾಯ್ಲಮ್ಮ, ನಮ್ಮ ಟ್ಯಾಂಕಿಂದು ಬದುಕ್ಲಿ" ಎಂದು ಶೇಖರಪ್ಪ ಬಾಟಲಿ ಕಿತ್ತುಕೊಂಡರು. ಎಲ್ಲವನ್ನೂ ತಮ್ಮ ಮನೆ ಬಾಲ್ಕನಿಯಲ್ಲಿ ಗುಡ್ಡೆ ಹಾಕಿ, ರುದ್ರಮ್ಮನಿಗೆ ಒಂದು ಮಾತೂ ಹೇಳದೆ ಓಡಿದರು.

ಪಕ್ಕದ ಬಡಾವಣೆಯಿಂದ ಬಗ್ಗಡದ ಕ್ಯಾನುಗಳನ್ನು ಹೇರಿಕೊಂಡಾಗ ಆಟೋದ ಬಾಲಾಜಿ ಮೂಗಿಗೆ ಕರ್ಚೀಫು ಕಟ್ಟಿದ.

"ಏನ್ ಸಾರ್ ಇದು?"

"ಹೆಪ್ಪು ಕಣಪ್ಪ."

"ಇನ್ಮೇಲೆ ನಿಮ್ಮನೇಲಿ ಮಜ್ಜಿಗೆ ಕುಡಿಯಲ್ಲ ಬಿಡಿ ಸಾರ್."

ಟ್ಯಾಂಕು ನೋಡಿಕೊಳ್ಳುವ ನಲ್ಲಪ್ಪನೂ ಅವರೂ ಸೇರಿ ಕ್ಯಾನು ಸುರಿದರು, ಮೇಲೆ ಬ್ಯಾಕ್ಟೀರಿಯಾಗಳ ಹೊಟ್ಟೆಗೆಂದು ಬೆಲ್ಲ ಕರಗಿಸಿ ಹೊಯ್ದರು, ಗಾಳಿ ಪಂಪು ಹಾಕಿದರು. ಸಂಜೆಗೆ ಕಂದು ನೊರೆ ಕಾಣಿಸಿತು. ನಾತ ಒಂದಿಷ್ಟು ತಗ್ಗಿತ್ತು. ಶೇಖರಪ್ಪನವರಿಗೆ ಕಣ್ಣು ತುಂಬಿ ಬಂತು. ಸೀದಾ ಅನುಸೂಯಮ್ಮನ ಮನೆಗೆ ಹೋಗಿ, "ಹೆದರಬೇಡಿ, ಬದುಕ್ಕೊಂಡವೆ" ಎಂದು ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಹಿಂದಿರುಗಿದರು.

ನೆಲಮಾಳಿಗೆಯಿಂದ ನಿಂಬೆಹಣ್ಣಿನ ಪರಿಮಳ ಬರುತ್ತಿತ್ತು. ಅವರು ದಡಬಡ ಕೆಳಗಿಳಿದರು.

ಮೆಟ್ಟಿಲ ಮೇಲೆ ರುದ್ರಮ್ಮ ಮಂಡಿ ನೀವಿಕೊಳ್ಳುತ್ತ ಕೂತಿದ್ದರು. ಸುತ್ತಲೂ ಖಾಲಿ ಬಾಟಲಿಗಳು. ಮಂಡಿ ನೋವೆಂದು ಕೆಳಗಿಳಿಯದೆ ಎಷ್ಟೋ ತಿಂಗಳಾಗಿದ್ದ ಹೆಂಗಸು.

"ಬೆಳಗಿಂದ ಒಬ್ಬರೇ ಒದ್ದಾಡ್ತಿದ್ರಿ, ನೋಡಕ್ಕಾಗ್ಲಿಲ್ಲ" ಎಂದರು ರುದ್ರಮ್ಮ. "ಮನೆಮನೆ ತಿರುಗಿ ಇಷ್ಟೆಲ್ಲ ಇಸ್ಕೊಂಡು ಬಂದಿದ್ದು ಇದಕ್ಕೇ ತಾನೆ? ನಲ್ಲಪ್ಪನ್ನ ಮಂಡಕ್ಕಿ ತಿನ್ನಕ್ಕೆ ಕಳ್ಸಿ ಒಂದೂ ಬಿಡದೆ ಹಾಕ್ಬಿಟ್ಟೆ. ಈಗ ಆಫೀಸರ್ ಬಂದ್ರೂ ಮೂಗು ಮುಚ್ಚಬೇಕಾಗಿಲ್ಲ."

ಶೇಖರಪ್ಪ ಟ್ಯಾಂಕಿಗೆ ಇಣುಕಿದರು. ನೊರೆ ಬೆಳ್ಳಗಾಗಿತ್ತು. ಬೈಯಲು ಬಾಯಿ ತೆರೆದವರು ಹೆಂಡತಿಯ ಊದಿದ ಮಂಡಿ ನೋಡಿ ಮುಚ್ಚಿದರು. ಪಕ್ಕದಲ್ಲಿ ಕೂತು ತಾವೇ ಆ ಮಂಡಿ ನೀವಿದರು.

"ಘಮಘಮ ಅಂತಿದೆ ಕಣೆ" ಎಂದರು.

"ಇನ್ಮೇಲೆ ದಿನಾ ನಾನೇ ಇಳಿದು ಬಂದು ಹಾಕ್ತೀನಿ."

ಶೇಖರಪ್ಪ ಇನ್ನೊಂದು ಕೈಯಲ್ಲಿ ಮೆಲ್ಲಗೆ ಬಾಲಾಜಿಗೆ ಫೋನು ಹಚ್ಚಿ, ಬೆಳಿಗ್ಗೆ ಆಟೋ ತರಲು ಹೇಳಿದರು. ಆಮೇಲೆ ಹೆಂಡತಿಯನ್ನು ಹಿಡಿದೆಬ್ಬಿಸುತ್ತ, "ರುದ್ರಾ, ಇವತ್ತು ಊಟಕ್ಕೆ ಕೂತಾಗ ಈ ಟ್ಯಾಂಕಿನ ವಿಷಯ ಒಂದು ಹೇಳ್ತೀನಿ, ಕೇಳ್ತೀಯಾ?" ಎಂದರು.

"ಊಟದ ಹೊತ್ತಲ್ಲಿ ಅದೊಂದು ಬೇಡ ರೀ" ಎಂದರು ರುದ್ರಮ್ಮ, ಅವರ ಹೆಗಲಿಗೆ ಒರಗುತ್ತ.