ಟೀ ಚಮಚದ ತುಪ್ಪ

ಎಪ್ಪತ್ತರ ದಶಕದ ಕೊನೆಯ ಮಾತು. ಚನ್ನಗಿರಿಯ ನನ್ನ ಮಾವನ ಮನೆಯಲ್ಲಿ ನಾದಿನಿ ಗಿರಿಜೆಯ ನಿಶ್ಚಿತಾರ್ಥ. ಜಗಳೂರಿನಿಂದ ಬೀಗರು ಬಂದಿದ್ದರು. ಊಟಕ್ಕೆ ತುಪ್ಪ ಬಡಿಸುವ ಮಹತ್ಕಾರ್ಯವನ್ನು ಹಿರಿಯ ಅಳಿಯನಾದ ನಾನು, ಯಾರೂ ಕೇಳದಿದ್ದರೂ, ವಹಿಸಿಕೊಂಡೆ. ತ್ಯಾವಣಿಗೆ ಶಾಲೆಯ ಮಕ್ಕಳನ್ನೆಲ್ಲ ಸಂಭಾಳಿಸುವ ಮೇಷ್ಟ್ರಿಗೆ ನಾಲ್ಕು ಸಾಲು ಎಲೆ ಯಾವ ಲೆಕ್ಕ!

ಹೆಂಡತಿ ಶಾಂತಾ ಎಚ್ಚರಿಸಿದಳು: “ಗಂಡಿನ ಸೋದರಮಾವ ಭಾಳ ಸೂಕ್ಷ್ಮ ಅಂತೆ ರೀ. ಅವ್ರು ಮುನಿಸ್ಕೊಂಡು ಎದ್ರೆ ಸಂಬಂಧಾನೇ ಮುರೀತೈತೆ.”

“ನಾನಿಲ್ವೇನೆ?”

“ಅದೇ ಹೆದ್ರಿಕೆ!”

ನಮ್ಮ ಕಡೆ ಹೋಳಿಗೆಗೆ ತುಪ್ಪವನ್ನು ಮಿಳ್ಳೆಯಿಂದ ಸುರಿಯಬೇಕು. ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿಯುವವರೆಗೆ ನಿಲ್ಲಿಸಬಾರದು. ನನಗೋ ಮೇಷ್ಟ್ರ ಬುದ್ಧಿ. ಕೊನೆಯ ಎಲೆಗೆ ಸಾಲದಿದ್ದರೆ? ಮಿಳ್ಳೆ ಮೂಲೆಗಿಟ್ಟು ಟೀ ಚಮಚ ಹಿಡಿದೆ. ಎಲೆಗೊಂದೇ ಚಮಚ. ಸಮಾನತೆ!

ಮೊದಲ ಎಲೆ ಸೋದರಮಾವನದು. ಅವರು ಚಮಚ ನೋಡಿದರು, ನನ್ನ ಮುಖ ನೋಡಿದರು. “ಭಾರಿ ಕೈ ಬಿಡ್ರಿ ನಿಮ್ದು!”

ನನ್ನ ಕೈ ಧಾರಾಳ ಎಂದರಲ್ಲ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಇಷ್ಟಕ್ಕೇ ಮೆಚ್ಚುವ ಜನ ಎಂದು ಮುಂದಿನವರಿಗೆ ಅರ್ಧ ಚಮಚವೇ ಹಾಕಿದೆ!

“ಇಂಥ ಉಪಚಾರ ನಮ್ಮ ಜನ್ಮದಾಗೆ ಕಂಡಿರ್ಲಿಲ್ಲ,” ಎಂದರು ಸೋದರಮಾವ.

“ಕೇಳಿದ್ರಾ ಎಲ್ರೂ? ಬೀಗರು ಹೆಂಗೆ ಹೊಗಳ್ತಿದಾರೆ!” ಎಂದು ನಾನು ಇಡೀ ಪಂಕ್ತಿಗೆ ಕೇಳುವಂತೆ ಸಾರಿದೆ.

ಸೋದರಮಾವ ಎಲೆ ಮಡಚಿ ಎದ್ದರು. ಅವರ ಹಿಂದೆ ಜಗಳೂರಿನವರೆಲ್ಲ ಎದ್ದರು. ಮಾವ ತಲೆಯ ಮೇಲೆ ಕೈ ಹೊತ್ತು ಕುಳಿತರು. ಅಡುಗೆಮನೆ ಬಾಗಿಲಲ್ಲಿ ಗಿರಿಜೆ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನನಗೆ ಅಲ್ಲೇ ಭೂಮಿಗಿಳಿದು ಹೋಗಬೇಕೆನಿಸಿತು.

“ಅವ್ರು ಹೊಗಳಿದ್ದಲ್ರೀ, ಉಗಿದಿದ್ದು! ಈ ಸೀಮೆಯಾಗೆ ಹುಟ್ಟಿ ಅಷ್ಟೂ ತಿಳಿಯಲ್ವಾ?” ಎಂದಳು ಶಾಂತಾ.

“ತಿಳೀತೈತೆ. ಬೇರೆಯವರಿಗೆ ಅಂದಾಗ,” ಎಂದೆ.

ಅಂಗಳಕ್ಕೆ ಓಡಿ ಸೋದರಮಾವನಿಗೆ ಕೈ ಮುಗಿದೆ. “ತಪ್ಪಾತು ಯಜಮಾನ್ರೇ. ಜಿಪುಣ ನಾನು. ನಮ್ಮ ಮಾವ ಅಲ್ಲ, ಆ ಹುಡುಗಿ ಅಂತೂ ಅಲ್ವೇ ಅಲ್ಲ.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಿರುಗಿ ಬಂದು ಕುಳಿತರು. ಹೊಸ ಎಲೆ, ಹೊಸ ಹೋಳಿಗೆ. ಈ ಸಲ ಮಿಳ್ಳೆಯಿಂದಲೇ ಸುರಿದೆ. “ಸಾಕು,” ಎಂದರು. ನಾನೀಗ ಜಾಣ! ಇವರ ಮಾತಿಗೆಲ್ಲ ಉಲ್ಟಾ ಅರ್ಥ ಎಂದು ಮತ್ತೂ ಸುರಿದೆ. ಕೈ ಅಡ್ಡ ಹಿಡಿದರು. ಕೈ ಮೇಲೂ ಸುರಿದೆ. ತುಪ್ಪ ಇಸ್ತ್ರಿ ಮಾಡಿದ ಪಂಚೆಗೆ ಇಳಿಯಿತು.

“ಅಯ್ಯೋ ಮಾರಾಯಾ, ಸಾಕು ಅಂದ್ರೆ ಸಾಕೇ!” ಎಂದು ಅವರು ಕೂಗಿದಾಗ ಪಂಕ್ತಿಯೆಲ್ಲ ನಕ್ಕಿತು. ಕಡೆಗೆ ಅವರೂ ನಕ್ಕರು. ವೀಳ್ಯ ಬದಲಾಯಿತು, ಸಂಬಂಧ ಉಳಿಯಿತು. ನನಗಾದ ಅವಮಾನ ಮಾತ್ರ ಪಂಚೆಯ ಕಲೆಯಂತೆ ಹೋಗಲೇ ಇಲ್ಲ.

ಮದುವೆ ಮುಗಿದ ಮೇಲೆ ಜಗಳೂರಿಗೆ ಊಟಕ್ಕೆ ಹೋದೆವು. ನನ್ನ ಎಲೆಗೆ ಹೋಳಿಗೆ ಬಿತ್ತು. ತುಪ್ಪ ಬಡಿಸಲು ಸೋದರಮಾವನೇ ಬಂದರು. ಕೈಯಲ್ಲಿ ಟೀ ಚಮಚ!

ಎರಡೇ ಹನಿ ಹಾಕಿ, ನಾನೇನು ಹೇಳುತ್ತೇನೋ ಎಂದು ನಿಂತರು.

“ಭಾರಿ ಕೈ ಬಿಡ್ರಿ ನಿಮ್ದು,” ಎಂದು ತಲೆ ತಗ್ಗಿಸಿ ಉಂಡೆ.