ಐದನೇ ಮಗ್ಗದ ಜಾಗದಲ್ಲಿ ಒಂದು ಬೈಕು

ನಮ್ಮ ಮನೆಯಲ್ಲಿ ಎಣ್ಣೆ ಡಬ್ಬ ಮುಟ್ಟುವ ಅಧಿಕಾರ ನನಗಿಲ್ಲ. ಅಡುಗೆ ಎಣ್ಣೆಯದಲ್ಲ, ಮಗ್ಗದ ಎಣ್ಣೆಯದು. ನಲವತ್ತೊಂಬತ್ತು ವರ್ಷದ ಗಂಡಸು, ಕಾಲೇಜಿನ ಗ್ರಂಥಪಾಲಕ, ಹನ್ನೆರಡು ಸಾವಿರ ಪುಸ್ತಕಗಳ ಏಕಚ್ಛತ್ರಾಧಿಪತಿ. ಮನೆಗೆ ಬಂದರೆ ಮಾತ್ರ ಆ ಪುಟ್ಟ ಡಬ್ಬವನ್ನು ದೂರದಿಂದಲೇ ನೋಡಿ ನಿಟ್ಟುಸಿರು ಬಿಡಬೇಕು. ಇದ್ಯಾವ ನ್ಯಾಯ ಎಂದು ನೀವು ನನ್ನ ಪರವಾಗಿ ಕೆರಳುವ ಮೊದಲು ನಡೆದದ್ದನ್ನು ಪೂರ್ತಿ ಹೇಳಿಬಿಡುತ್ತೇನೆ. (ಕೇಳಿದ ಮೇಲೆ ನೀವೂ ಅವಳ ಪಕ್ಷವನ್ನೇ ಸೇರುತ್ತೀರಿ, ಅದು ಬೇರೆ ಮಾತು.)

ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂಭಾಗದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಅವು ನನ್ನ ಹೆಂಡತಿ ಲಕ್ಷ್ಮೀದೇವಮ್ಮನ ಸಾಮ್ರಾಜ್ಯ. ನಾನು ಹುಟ್ಟಿದ್ದೂ ನೇಕಾರರ ಮನೆಯಲ್ಲೇ. ಆದರೆ ಚಿಕ್ಕಂದಿನಿಂದ ಪುಸ್ತಕದಲ್ಲಿ ಮೂಗು ತೂರಿಸಿಕೊಂಡು ಬೆಳೆದವನಾದ್ದರಿಂದ ಮಗ್ಗದ ಬಗ್ಗೆ ನನಗೆ ಗೊತ್ತಿರುವುದು ಒಂದೇ ಸಂಗತಿ: ಕಿರುಗುಟ್ಟಿದರೆ ಎಣ್ಣೆ ಬಿಡಬೇಕು. ಅವಳಾದರೋ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ "ಮೂರನೇ ಮಗ್ಗ ಯಾಕೋ ಕೆಮ್ತಾ ಐತೆ" ಎನ್ನುತ್ತಾಳೆ. ಹೋಗಿ ನೋಡಿದರೆ ಎಲ್ಲೋ ಒಂದು ನಟ್ಟು ಸಡಿಲವಾಗಿರುತ್ತದೆ. ಇಂಥವಳು ಐದನೇ ಮಗ್ಗಕ್ಕೆಂದು ಎರಡು ವರ್ಷದಿಂದ ಒಂದು ಮೂಲೆಯನ್ನು ಗುಡಿಸಿ ಸಾರಿಸಿ ಖಾಲಿ ಇಟ್ಟುಕೊಂಡಿದ್ದಳು. ಆ ಮೂಲೆಗೆ ನಾನು ಬೈಕು ತಂದು ನಿಲ್ಲಿಸಿದೆ.

ದೇವನಹಳ್ಳಿಯ ನವೀನ್‌ಕುಮಾರ್ ಎಂಬ ಹುಡುಗ ಐದು ವರ್ಷ ಓಡಿಸಿದ ಬೈಕು ಅದು. "ಮದುವೆ ಆಯ್ತು ಸಾರ್, ಅದಕ್ಕೇ ಮಾರ್ತಿದ್ದೀನಿ" ಅಂದ. ಮದುವೆಯಾಗಿ ಇಪ್ಪತ್ತಮೂರು ವರ್ಷವಾದವನು ಅದನ್ನು ಕೊಂಡ. ಸ್ಪೋರ್ಟ್ ಟೂರರ್ ಎಂದು ಅದರ ಜಾತಿ. ರೇಸಿನ ಬೈಕಿನ ಹಾಗೆ ಮುಂದಕ್ಕೆ ನುಗ್ಗುವ ಆಸೆಯೂ ಉಂಟು, ಗಂಟುಮೂಟೆ ಕಟ್ಟಿಕೊಂಡು ದೂರದೂರಿಗೆ ಹೋಗುವ ತಾಳ್ಮೆಯೂ ಉಂಟು. ಇದನ್ನೆಲ್ಲ ವಿವರಿಸಿದಾಗ ಲಕ್ಷ್ಮೀದೇವಮ್ಮ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದಳು.

"ಮುಂದಿಂದ ನೋಡಿದ್ರೆ ಮಿಡತೆ, ಹಿಂದಿಂದ ನೋಡಿದ್ರೆ ಹಾಲಿನ ಗಾಡಿ. ಇದ್ರಲ್ಲಿ ಯಾವೂರಿಗೆ ಹೋಗ್ತೀರಾ?"

"ಊರೂರಿಗೆ! ಲಡಾಖಿಗೆ ಬೇಕಾದ್ರೂ ಹೋಗಬಹುದು ಕಣೇ."

"ಮೊದ್ಲು ಶಿವಗಂಗೆಗೆ ಹೋಗಿ ಬರೋಣ. ನಾನೂ ಬರ್ತೀನಿ. ದಾರೀಲಿ ಒಂದೇ ಒಂದು ಸಲ ಕೈಲಿ ತಳ್ಳೋ ಹಾಗಾದ್ರೆ, ಗಾಡಿ ಆಚೆಗೆ, ಮಗ್ಗ ಒಳಗೆ. ಆಯ್ತಾ?"

ಆಯ್ತು ಎಂದೆ. ಬೇರೇನು ಹೇಳಲು ಸಾಧ್ಯ?

ಅಂದಿನಿಂದ ನನ್ನ ಜೀರ್ಣೋದ್ಧಾರ ಕಾರ್ಯ ಆರಂಭವಾಯಿತು. ಗಾಳಿ ತಡೆಯಲು ಎತ್ತರದ ಗಾಜು ಬಂತು. ಬೆನ್ನು ಬಾಗದಿರಲೆಂದು ಹ್ಯಾಂಡಲ್ಲನ್ನು ಎರಡಂಗುಲ ಏರಿಸಿದ್ದಾಯಿತು. ಮಂಜಿನಲ್ಲಿ ದಾರಿ ಕಾಣಲು ಹಳದಿ ದೀಪ, ಫೋನಿಗೊಂದು ತೊಟ್ಟಿಲು, ಎಡಬಲಕ್ಕೆ ಎರಡು ದೊಡ್ಡ ಪೆಟ್ಟಿಗೆ. ಎಂಜಿನ್ನು, ಬ್ರೇಕಿನ ಕೆಲಸವನ್ನೆಲ್ಲ ಬಸ್‌ಸ್ಟ್ಯಾಂಡ್ ಹಿಂದಿನ ಮೆಕ್ಯಾನಿಕ್ ಅಲ್ತಾಫ್ ಮಾಡಿಕೊಟ್ಟ. ಹೊಸ ಚೈನು, ಹೊಸ ಬ್ರೇಕ್ ಪ್ಯಾಡು, ಹೊಸ ಆಯಿಲ್ಲು. ಅಲ್ತಾಫನ ಕೆಲಸವೆಂದರೆ ಪೂಜೆ ಮಾಡಿದ ಹಾಗೆ. ಬೋಲ್ಟುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟುಕೊಂಡೇ ಶುರು ಮಾಡುತ್ತಾನೆ. ಪೆಟ್ಟಿಗೆಗಳನ್ನು ಮಾತ್ರ ನಾನೇ ಕೂರಿಸಿದೆ. ಬೈಕಿನ ಜೊತೆ ಬಂದ ಕೈಪಿಡಿಯನ್ನು ಎರಡು ಸಲ ಓದಿ, ಮುಖ್ಯ ವಾಕ್ಯಗಳಿಗೆ ಅಡಿಗೆರೆ ಎಳೆದಿದ್ದೆನಲ್ಲ, ಇನ್ನೇನು ಭಯ?

ಶಿವಗಂಗೆಗೆ ಹೊರಡುವ ಭಾನುವಾರ ಬಂತು. ಲಕ್ಷ್ಮೀದೇವಮ್ಮ ಒಳಗೆ ಚಿತ್ರಾನ್ನ ಕಟ್ಟುತ್ತಿದ್ದಳು. ನಾನು ಬೈಕನ್ನು ಹಿಂದೆ ಮುಂದೆ ಆಡಿಸಿ ನೋಡಿದೆ. ಮುಂದಿನ ಚಕ್ರದ ಬ್ರೇಕಿನ ತಟ್ಟೆ 'ಕಿಂಯ್ಯ್' ಎಂದಿತು. ಈ ಸದ್ದು ಅವಳ ಕಿವಿಗೆ ಬಿದ್ದರೆ ನನ್ನ ಕಥೆ ಮುಗಿಯಿತು! ಕೈಪಿಡಿ ತೆಗೆಯುವಷ್ಟು ಪುರುಸೊತ್ತಿರಲಿಲ್ಲ. ಏಳು ತಲೆಮಾರಿನ ನೇಕಾರರ ರಕ್ತ ನನ್ನೊಳಗೆ ಒಮ್ಮೆಲೇ ಎದ್ದು ನಿಂತಿತು. ಕಿಟಕಿಯಲ್ಲಿದ್ದ ಮಗ್ಗದ ಎಣ್ಣೆಯ ಡಬ್ಬ ತೆಗೆದು, ಆ ತಟ್ಟೆಗೆ ಧಾರಾಳವಾಗಿ ನಾಲ್ಕು ಸುತ್ತು ಬಿಟ್ಟೆ. ಪಕ್ಷಪಾತ ಬೇಡವೆಂದು ಹಿಂದಿನ ಚಕ್ರದ ತಟ್ಟೆಗೂ ಬಿಟ್ಟೆ. ಸದ್ದು ನಿಂತಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

(ಬೈಕು ಬಲ್ಲ ಓದುಗರು ಇಲ್ಲಿ ತಲೆ ಚಚ್ಚಿಕೊಳ್ಳುತ್ತಿರುತ್ತೀರಿ. ಅರಿಯದವರಿಗಾಗಿ ಒಂದು ಮಾತು: ಆ ತಟ್ಟೆಯನ್ನು ಪ್ಯಾಡು ಗಟ್ಟಿಯಾಗಿ ಹಿಡಿದುಕೊಂಡರೆ ಗಾಡಿ ನಿಲ್ಲುತ್ತದೆ. ಎಣ್ಣೆ ಸವರಿದ ತಟ್ಟೆಯನ್ನು ಯಾರೂ ಹಿಡಿಯಲಾರರು.)

ಒಂದು ಸುತ್ತು ಹಾಕಿ ಬರೋಣವೆಂದು ಬೀದಿಗಿಳಿದೆ. ನಮ್ಮ ಬೀದಿಯ ಕೊನೆಯಲ್ಲಿ ಮುನಿಸ್ವಾಮಿಯ ಮನೆ. ಅವನು ರೇಷ್ಮೆ ನೂಲಿಗೆ ಬಣ್ಣ ಹಾಕುವವನು. ಅಂದೂ ಬಿದಿರಿನ ಗಳಗಳ ಮೇಲೆ ಗಾಢ ಗುಲಾಬಿ ಬಣ್ಣದ ಒದ್ದೆ ನೂಲಿನ ಲಡಿಗಳನ್ನು ಸಾಲಾಗಿ ಒಣಹಾಕಿದ್ದ. ತಿರುವಿನಲ್ಲಿ ಬ್ರೇಕು ಹಿಡಿದೆ. ಬೈಕು ಹಿಡಿಸಿಕೊಳ್ಳಲಿಲ್ಲ. ಕಾಲಲ್ಲಿ ಒತ್ತಿದೆ. ಅಲ್ಲೂ ಅದೇ ಉತ್ತರ. ನಡೆದು ಹೋಗುವವನ ವೇಗದಲ್ಲಿ, ಯಾವ ಅವಸರವೂ ಇಲ್ಲದೆ, ಮೆರವಣಿಗೆಯಂತೆ ನಾವಿಬ್ಬರೂ ಆ ಲಡಿಗಳೊಳಗೆ ಪ್ರವೇಶ ಮಾಡಿದೆವು. ಗಳ ಮುರಿಯಿತು. ಬೈಕು ಪಕ್ಕದಲ್ಲಿದ್ದ ಮರಳಿನ ಗುಡ್ಡೆಗೆ ಒರಗಿ ನಿಂತಿತು. ನಾನು ತಲೆಯಿಂದ ಸೊಂಟದವರೆಗೆ ಗುಲಾಬಿ ನೂಲು ತೊಟ್ಟುಕೊಂಡು ಮದುಮಗನಂತೆ ಕೂತಿದ್ದೆ.

"ಏನ್ ಮೇಷ್ಟ್ರೇ, ಬ್ರೇಕ್ ಹಿಡಿಯಾಕಾಗಲ್ವಾ?" ಎಂದು ಮುನಿಸ್ವಾಮಿ ಕೂಗಿಕೊಂಡ.

ಜನ ಸೇರಿದರು. ಗುಲಾಬಿ ಬಣ್ಣದಲ್ಲಿ ತೊಯ್ದ ಮನುಷ್ಯನಿಗೆ ಸತ್ಯ ಹೇಳುವ ಧೈರ್ಯ ಎಲ್ಲಿಂದ ಬರಬೇಕು? "ಬ್ರೇಕೇ ಸರಿಯಿಲ್ಲ! ಅಲ್ತಾಫ್ ಹೊಸ ಪ್ಯಾಡು ಹಾಕಿ ಇನ್ನೂ ಹತ್ತು ದಿನ ಆಗಿಲ್ಲ!" ಎಂದುಬಿಟ್ಟೆ. ಬಾಯಿಂದ ಬಿದ್ದ ಕ್ಷಣದಲ್ಲೇ ಆ ಮಾತು ನನಗೆ ಕಹಿಯೆನಿಸಿತು. ಆದರೆ ಯಾರೋ ಆಗಲೇ ಅಲ್ತಾಫನಿಗೆ ಫೋನು ಮಾಡಿಯಾಗಿತ್ತು.

ಪಾಪ, ಅಂಗಡಿಗೆ ಅರ್ಧ ಬಾಗಿಲು ಹಾಕಿ ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು. ಅವನ ಕೆಲಸ ಸರಿಯಿಲ್ಲವೆಂದು ಊರಲ್ಲಿ ಮಾತೆದ್ದರೆ ಅವನ ಅಂಗಡಿಗೆ ಯಾರು ಬರುತ್ತಾರೆ? ಅಷ್ಟರಲ್ಲಿ ಲಕ್ಷ್ಮೀದೇವಮ್ಮನೂ ಬಂದಳು. ಅಲ್ತಾಫ್ ಕುಕ್ಕರಗಾಲಿನಲ್ಲಿ ಕೂತು ತಟ್ಟೆಯ ಮೇಲೆ ಬೆರಳಾಡಿಸಿದ, ಮೂಸಿದ, ಬೆರಳನ್ನು ಅವಳ ಮುಂದೆ ಹಿಡಿದ.

"ಅಕ್ಕಾ, ಇದು ಗಾಡಿ ಎಣ್ಣೆ ಅಲ್ಲ. ಮಗ್ಗದ್ದು."

ಅವಳು ನನ್ನನ್ನು ನೋಡಿದಳು. ಇಪ್ಪತ್ತಮೂರು ವರ್ಷದಲ್ಲಿ ನನ್ನ ಮುಖವನ್ನು ಅವಳು ಮಗ್ಗದಷ್ಟೇ ಚೆನ್ನಾಗಿ ಕಲಿತಿದ್ದಾಳೆ. ನಾನು ನೂಲಿನೊಳಗೆ ಇನ್ನಷ್ಟು ಮುದುಡಿಕೊಂಡೆ. ಬೀದಿಯೆಲ್ಲ ಕಿವಿಯಾಗಿ ನಿಂತಿತ್ತು.

"ನಾನೇ ಹಾಕಿದ್ದಪ್ಪಾ," ಎಂದಳು ಅವಳು ಎಲ್ಲರಿಗೂ ಕೇಳಿಸುವ ಹಾಗೆ. "ಬೆಳಿಗ್ಗೆ ಕಿರುಗುಡ್ತಿತ್ತು, ಬಿಟ್ಬಿಟ್ಟೆ. ಇವರಿಗೇನು ಗೊತ್ತು ಪಾಪ. ಅಲ್ತಾಫನ ಕೆಲಸದಾಗೆ ತಪ್ಪಿಲ್ಲ. ಮುನಿಸ್ವಾಮಣ್ಣ, ನಿನ್ನ ನೂಲು ನಾನು ಮತ್ತೆ ತೊಳ್ಸಿ ಕೊಡಿಸ್ತೀನಿ, ಬೈಬೇಡ."

ಒಂದೇ ಉಸಿರಿನಲ್ಲಿ ಅಲ್ತಾಫನ ಹೆಸರನ್ನೂ ನನ್ನ ಮಾನವನ್ನೂ ಉಳಿಸಿ, ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಳು. ನನ್ನ ಕಣ್ಣು ತುಂಬಿ ಬಂತು. ಅವಳ ಉಪಕಾರ ಅವತ್ತು ತಿಳಿದಷ್ಟು ಮದುವೆಯಾದಂದಿನಿಂದ ಎಂದೂ ತಿಳಿದಿರಲಿಲ್ಲ. (ಬಣ್ಣ ಕಣ್ಣಿಗೆ ಹೋಗಿದೆ ಎಂದು ಜನ ನೀರು ತಂದು ಎರಚಿದರು.)

ಮನೆಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಯಾವ ಪುಸ್ತಕದಾಗೆ ಬರ್ದಿತ್ತು ರೀ?"

"ತಪ್ಪಾಯ್ತು ಕಣೇ. ಶರತ್ತಿನ ಪ್ರಕಾರ ಗಾಡಿ ಮಾರಿಬಿಡ್ತೀನಿ."

"ತಳ್ಳಿದ್ರೆ ಅಂತ ತಾನೇ ಶರತ್ತು ಇದ್ದಿದ್ದು? ನಿಮ್ಮ ಗಾಡಿ ನಿಲ್ಲಲೇ ಇಲ್ಲವಲ್ಲ! ಮುಂದಿನ ಭಾನುವಾರ ಹೋಗೋಣ ಬಿಡಿ. ಎಣ್ಣೆ ಡಬ್ಬ ಮಾತ್ರ ಇನ್ಮೇಲೆ ಮುಟ್ಟಂಗಿಲ್ಲ."

ಮಾರನೆಯ ದಿನ ಅರ್ಧ ಕೆಜಿ ಮೈಸೂರುಪಾಕು ಹಿಡಿದು ಅಲ್ತಾಫನ ಅಂಗಡಿಗೆ ಹೋಗಿ ನಿಜ ಒಪ್ಪಿಕೊಂಡೆ. ಅವನು ನಕ್ಕ. "ಗೊತ್ತು ಸಾರ್. ಮಗ್ಗಕ್ಕೂ ಬ್ರೇಕ್ ಐತಲ್ಲ, ಚರ್ಮದ ಪಟ್ಟಿದು. ಅದಕ್ಕೆ ಒಂದು ಹನಿ ಎಣ್ಣೆ ತಾಗಿದ್ರೂ ಅಕ್ಕ ಕೆಲಸದವರನ್ನ ವಾರಗಟ್ಲೆ ಬೈತಾರೆ. ಅವರು ಹಾಕ್ತಾರಾ? ಬೀದೀಲಿ ನಿಂತಿದ್ದೋರಿಗೆಲ್ಲ ಅವತ್ತೇ ಗೊತ್ತಾಯ್ತು." ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆಯೇ ಇಲ್ಲ ಎಂಬುದು ನನಗೆ ಆಗ ಹೊಳೆಯಿತು. ಗೊತ್ತಿದ್ದೂ ಒಬ್ಬರಾದರೂ ನನ್ನ ಮುಂದೆ ಆಡಿ ತೋರಿಸಿರಲಿಲ್ಲ. ಅವರಿಗೂ ನನ್ನ ನಮಸ್ಕಾರ.

ಹೊಸ ಪ್ಯಾಡುಗಳೊಂದಿಗೆ ಮುಂದಿನ ಭಾನುವಾರ ಹೊರಟೆವು. ಡಾಬಸ್‌ಪೇಟೆಯ ರಸ್ತೆಯಲ್ಲಿ ಬೈಕು ಹಂಸದಂತೆ ತೇಲುತ್ತಿತ್ತು. ಅರ್ಧ ದಾರಿಯಲ್ಲಿ ಹಿಂದಿನಿಂದ ಬೆನ್ನಿಗೊಂದು ತಟ್ಟು.

"ನಿಲ್ಸಿ. ಎಡಗಡೆ ಏನೋ ಕಟಕಟ ಅಂತೈತೆ."

"ಗಾಳಿ ಕಣೇ ಅದು."

"ಗಾಳಿಗೆ ನಟ್ಟು ಇರ್ತದಾ? ನಿಲ್ಸಿ ಅಂದ್ರೆ."

ನಿಲ್ಲಿಸಿದೆ. ಸ್ವಹಸ್ತದಿಂದ ನಾನು ಕೂರಿಸಿದ್ದ ಎಡಗಡೆಯ ಪೆಟ್ಟಿಗೆ ಒಂದೇ ಒಂದು ಬೋಲ್ಟಿನಲ್ಲಿ ನೇತಾಡುತ್ತಿತ್ತು. ಇನ್ನೊಂದು ಕಿಲೋಮೀಟರು ಹೋಗಿದ್ದರೆ ಅದು ಚಕ್ರಕ್ಕೆ ಸಿಕ್ಕಿ ನಾವು ಎಲ್ಲಿರುತ್ತಿದ್ದೆವೋ. ಅವಳು ಕೈಚೀಲದಿಂದ ಮಗ್ಗದ ಸ್ಪ್ಯಾನರ್ ತೆಗೆದಳು. (ಬೇರೆಯವರ ಹೆಂಡಂದಿರ ಚೀಲದಲ್ಲಿ ಬಾಚಣಿಗೆ ಇರುತ್ತದಂತೆ.) ಸೆರಗು ಸಿಕ್ಕಿಸಿಕೊಂಡು ಎರಡೇ ನಿಮಿಷದಲ್ಲಿ ಬಿಗಿದು, ಬಲಗಡೆಯದನ್ನೂ ನೋಡಿ, "ನಡೀರಿ" ಎಂದಳು. ಶಿವಗಂಗೆಯ ಬೆಟ್ಟದ ಬುಡದಲ್ಲಿ ಕೂತು ಚಿತ್ರಾನ್ನ ತಿಂದೆವು. ಒಂದು ಸಲವೂ ತಳ್ಳದೆ ಮಧ್ಯಾಹ್ನದ ಹೊತ್ತಿಗೆ ಮನೆ ಸೇರಿದೆವು.

"ಗಾಡಿ ಚೆನ್ನಾಗೈತೆ. ಇರ್ಲಿ" ಎಂದಳು. ಅವಳ ಕಾಲಿಗೆ ಬೀಳುವುದೊಂದು ಬಾಕಿ. ಆದರೆ ಆ ಐದನೇ ಮಗ್ಗ? ಎರಡು ವರ್ಷ ಕಾದವಳ ಆಸೆಯನ್ನು ನುಂಗಿ ನನ್ನ ಬೈಕು ನಿಲ್ಲಬೇಕೇ? ಹಾಗೆಂದು ನಾನು ಮರುಗುತ್ತಿರುವಾಗಲೇ ಅವಳು ಅಳತೆ ಟೇಪು ಹಿಡಿದು ಇಡೀ ಮನೆ ಅಳೆದು ಮುಗಿಸಿದ್ದಳು. ಮಗ್ಗ ಮೊನ್ನೆ ಗುರುವಾರ ಬಂತು. ಅದು ಕೂತಿರುವುದು ನಾನು ಓದಿ ಬರೆಯುವ ಕೋಣೆಯಲ್ಲಿ.

"ಮೇಜು ಕುರ್ಚಿ ಅಟ್ಟಕ್ಕೆ ಹಾಕ್ಸಿದ್ದೀನಿ," ಎಂದಳು. "ಅಷ್ಟು ಕಷ್ಟಪಟ್ಟು ಹ್ಯಾಂಡಲ್ ಎತ್ತರ ಮಾಡಿದ್ದೀರಲ್ಲ, ಗಾಡಿ ಮೇಲೇ ಕೂತು ಬರ್ಕೊಳ್ಳಿ."

ಈ ಬರಹವನ್ನು ಹಾಗೆಯೇ, ಬೈಕಿನ ಮೇಲೆ ಕೂತು, ಟ್ಯಾಂಕಿನ ಮೇಲೆ ಹಾಳೆಯಿಟ್ಟು ಬರೆದಿದ್ದೇನೆ. ಸೈಡ್ ಸ್ಟ್ಯಾಂಡ್ ಹಾಕಿರುವುದರಿಂದ ಅಕ್ಷರಗಳೆಲ್ಲ ಎಡಕ್ಕೆ ವಾಲಿವೆ. ಸೀಟು ಮೆತ್ತಗಿದೆ, ಬೆನ್ನು ನೋಯುವುದಿಲ್ಲ, ಹಳದಿ ದೀಪ ಹಾಕಿಕೊಂಡರೆ ಬೆಳಕಿಗೂ ಕೊರತೆಯಿಲ್ಲ. ನಿಜ ಹೇಳುತ್ತೇನೆ, ಇಷ್ಟು ಸುಖವಾಗಿ ನಾನು ಹಿಂದೆಂದೂ ಬರೆದಿರಲಿಲ್ಲ.